ಗಾಲ್ಫ್ ಮೈದಾನದ ಕಷ್ಟಕ್ಕೂ ಒಂದು ಲೆಕ್ಕ ಇದೆ

ಗಾಲ್ಫ್ ಅಂದ ಕೂಡಲೇ ನಮ್ಮ ಕಡೆ ಎರಡು ಮಾತು ಬರುತ್ತವೆ. ಒಂದು, ಅದು ದುಡ್ಡಿರುವವರ ಆಟ. ಇನ್ನೊಂದು, ಅಷ್ಟು ನೆಲದಲ್ಲಿ ರಾಗಿ ಹಾಕಿದ್ದರೆ ಎಷ್ಟು ಮೂಟೆ ಬರುತ್ತಿತ್ತು ಅನ್ನುವುದು. ಎರಡೂ ಸುಳ್ಳಲ್ಲ. ಆದರೂ ಈ ಸಲ ನಾವು ಗಾಲ್ಫ್ ಬಗ್ಗೆಯೇ ಬರೆಯುತ್ತಿದ್ದೇವೆ. ಮೈದಾನದಲ್ಲಿ ಹುಲ್ಲು ಕತ್ತರಿಸುವವರು, ನೀರು ಬಿಡುವವರು, ಆಟಗಾರರ ಬ್ಯಾಗು ಹೊರುವ ಕ್ಯಾಡಿಗಳು ಬಹಳಷ್ಟು ಮಂದಿ ಅಕ್ಕಪಕ್ಕದ ಹಳ್ಳಿಯವರೇ. ನಮ್ಮ ಹೋಬಳಿಯ ಕೆಲವು ಹುಡುಗರೂ ಹೋಗುತ್ತಾರೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆಟ ನೋಡುವವರು ಅವರು. ಆದರೆ ಆ ಆಟದ ಲೆಕ್ಕವನ್ನು ಅವರಿಗೆ ಕೂತು ಹೇಳಿಕೊಡುವವರು ಯಾರೂ ಇಲ್ಲ.

ಆ ಲೆಕ್ಕದ ಹೆಸರು ಹ್ಯಾಂಡಿಕ್ಯಾಪ್. ನಾವು ನಿಯಮ ಓದಿ, ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಗುಣಿಸಿ ಭಾಗಿಸಿ ನೋಡಿದೆವು. ಚೆನ್ನಾಗಿ ಆಡುವವನಿಗೂ ಈಗಷ್ಟೇ ಕಲಿಯುತ್ತಿರುವವನಿಗೂ ಒಂದೇ ಆಟದಲ್ಲಿ ನ್ಯಾಯ ಕೊಡುವುದು ಹೇಗೆ ಅನ್ನುವ ಪ್ರಶ್ನೆ ಅದರೊಳಗಿದೆ. ಗಾಲ್ಫ್ ಕೋಲು ಮುಟ್ಟದವರಿಗೂ ತಿಳಿಯುವ ಹಾಗೆ ಹೇಳಲು ನೋಡುತ್ತೇವೆ.

ಮೊದಲು ಆಟ

ಮೈದಾನದಲ್ಲಿ 18 ಗುಂಡಿ, ಅಂದರೆ ಹೋಲ್. ಪ್ರತಿ ಹೋಲಿಗೂ ಚೆಂಡು ಇಟ್ಟು ಮೊದಲ ಹೊಡೆತ ಹೊಡೆಯುವ ಜಾಗವೊಂದಿದೆ, ಅದು ಟೀ. ಅಲ್ಲಿಂದ ಚೆಂಡನ್ನು ಹೊಡೆಯುತ್ತಾ ಹೋಗಿ ಗುಂಡಿಗೆ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತವೋ ಅಷ್ಟು ಒಳ್ಳೆಯದು. ಒಂದೊಂದು ಹೋಲಿಗೂ ಇಷ್ಟು ಹೊಡೆತ ಎಂದು ಗೊತ್ತು ಮಾಡಿರುತ್ತಾರೆ, ಅದಕ್ಕೆ ಪಾರ್ ಎನ್ನುತ್ತಾರೆ. 18 ಹೋಲಿನ ಪಾರ್ ಕೂಡಿದರೆ ದೊಡ್ಡ ಮೈದಾನಗಳಲ್ಲಿ ಸಾಮಾನ್ಯವಾಗಿ 72 ಆಗುತ್ತದೆ.

ಟಿವಿಯಲ್ಲಿ ಕಾಣುವವರು 72ಕ್ಕಿಂತ ಕಡಿಮೆಯಲ್ಲಿ ಮುಗಿಸುತ್ತಾರೆ. ಭಾನುವಾರ ಬಂದು ಆಡುವ ಸಾಮಾನ್ಯ ಆಟಗಾರನಿಗೆ 90, 95, 100 ಹೊಡೆತ ಬೇಕು. ಇವರಿಬ್ಬರೂ ಪಂದ್ಯ ಕಟ್ಟಿದರೆ ಗೆಲ್ಲುವವರು ಯಾರು ಎಂದು ಮೊದಲೇ ಗೊತ್ತು. ಅದಕ್ಕೇ ಹ್ಯಾಂಡಿಕ್ಯಾಪ್ ಬಂತು. ಕುದುರೆ ರೇಸಿನಲ್ಲಿ ಒಳ್ಳೆಯ ಕುದುರೆಗೆ ಹೆಚ್ಚು ತೂಕ ಹೊರಿಸಿ ಓಡಿಸುತ್ತಾರಲ್ಲ, ಆ ರೇಸಿಗೂ ಇದೇ ಹೆಸರು. ಗಾಲ್ಫಿನಲ್ಲಿ ಬಲ್ಲವನಿಗೆ ಭಾರ ಹೊರಿಸುವುದಿಲ್ಲ, ಕಲಿಯುವವನಿಗೆ ಹೊಡೆತಗಳಲ್ಲಿ ರಿಯಾಯಿತಿ ಕೊಡುತ್ತಾರೆ. 95 ಹೊಡೆದವನ ಹ್ಯಾಂಡಿಕ್ಯಾಪ್ 20 ಆದರೆ ಅವನ ಲೆಕ್ಕ 75. 78 ಹೊಡೆದವನ ಹ್ಯಾಂಡಿಕ್ಯಾಪ್ 2 ಆದರೆ ಅವನ ಲೆಕ್ಕ 76. ಆವತ್ತು 95 ಹೊಡೆದವನೇ ಗೆದ್ದ.

ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ತೊಡಕು ಇರುವುದು ಮೈದಾನದಲ್ಲಿ.

ಒಂದೇ ಅಂಕಿ ಸಾಲಲಿಲ್ಲ

ಎಲ್ಲಾ ಮೈದಾನ ಒಂದೇ ಥರ ಇರುವುದಿಲ್ಲ. ಕೆಲವು ಬಯಲಿನ ಹಾಗೆ ಅಗಲವಾಗಿ ತೆರೆದಿರುತ್ತವೆ. ಕೆಲವದರಲ್ಲಿ ಎರಡು ಕಡೆ ಮರ, ಮಧ್ಯೆ ಕೆರೆ, ಮರಳು ಗುಂಡಿ, ಮೊಣಕಾಲುದ್ದ ಹುಲ್ಲು. ಸುಲಭದ ಮೈದಾನದಲ್ಲಿ ಹ್ಯಾಂಡಿಕ್ಯಾಪ್ ಗಳಿಸಿದವನು ಕಷ್ಟದ ಮೈದಾನಕ್ಕೆ ಹೋದರೆ ಸೋಲುತ್ತಾನೆ. ಕಷ್ಟದ ಮೈದಾನದಲ್ಲಿ ಗಳಿಸಿದವನು ಸುಲಭದ ಕಡೆಗೆ ಬಂದರೆ ಬಹುಮಾನವೆಲ್ಲ ಅವನದೇ.

ಇದಕ್ಕೆ ಮದ್ದು ಹುಡುಕುವ ಕೆಲಸ ನೂರು ವರ್ಷಕ್ಕೂ ಹಳೆಯದು. 1893ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಮಹಿಳೆಯರ ಗಾಲ್ಫ್ ಸಂಘದಲ್ಲಿ ಇಸೆಟ್ ಪಿಯರ್ಸನ್ ಎಂಬಾಕೆ, ಬೇರೆ ಬೇರೆ ಕ್ಲಬ್ಬಿನ ಹೆಂಗಸರು ಒಂದೇ ಅಳತೆಯಲ್ಲಿ ಆಡುವ ಹಾಗೆ ಹ್ಯಾಂಡಿಕ್ಯಾಪ್ ಪದ್ಧತಿಯನ್ನು ಗಟ್ಟಿ ಮಾಡಿದರು. ಆಮೇಲೆ ಒಂದೊಂದು ಮೈದಾನಕ್ಕೂ ಒಂದು ರೇಟಿಂಗ್ ಕೊಡುವುದು ಬಂತು. ಹ್ಯಾಂಡಿಕ್ಯಾಪ್ ಸೊನ್ನೆ ಇರುವ ನುರಿತ ಆಟಗಾರ, ಗಾಲ್ಫಿನ ಭಾಷೆಯಲ್ಲಿ ಸ್ಕ್ರ್ಯಾಚ್ ಆಟಗಾರ, ಇಲ್ಲಿ ಎಷ್ಟು ಹೊಡೆತದಲ್ಲಿ ಮುಗಿಸುತ್ತಾನೆ ಅನ್ನುವ ಅಂಕಿ ಅದು. ಅದೇ ಕೋರ್ಸ್ ರೇಟಿಂಗ್. 71.4, 73.8 ಅಂತ ಒಂದು ದಶಾಂಶದವರೆಗೆ ಬರೆಯುತ್ತಾರೆ.

ಆದರೆ ಅದು ನುರಿತವನ ಕಷ್ಟ ಮಾತ್ರ. ಸಾಮಾನ್ಯ ಆಟಗಾರನ ಕಷ್ಟ ಅದರಲ್ಲಿ ಕಾಣುವುದಿಲ್ಲ.

ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ನೌಕಾಪಡೆಯ ಅಧಿಕಾರಿ ಡೀನ್ ನೂತ್. 1970ರ ದಶಕದಲ್ಲಿ ನೌಕಾಪಡೆಯ ಕಾಲೇಜಿನಲ್ಲಿ ಓದುತ್ತಿದ್ದಾಗ ಶುರು ಮಾಡಿದ ಅವರ ಕೆಲಸವನ್ನು 1980ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಘ ಜಾರಿಗೆ ತಂದಿತು. ಅದರ ಹೆಸರು ಸ್ಲೋಪ್, ಅಂದರೆ ಇಳಿಜಾರು. ಮೈದಾನದ ಇಳಿಜಾರಲ್ಲ, ಗ್ರಾಫ್ ಕಾಗದದ ಮೇಲಿನ ಗೆರೆಯ ಇಳಿಜಾರು. ಅಡ್ಡಕ್ಕೆ ಆಟಗಾರರ ಹ್ಯಾಂಡಿಕ್ಯಾಪ್, ಉದ್ದಕ್ಕೆ ಅವರ ಹೊಡೆತ ಗುರುತಿಸಿ ಗೆರೆ ಎಳೆದರೆ, ಕೆಲವು ಮೈದಾನದಲ್ಲಿ ಗೆರೆ ಮೆಲ್ಲಗೆ ಏರುತ್ತದೆ, ಕೆಲವದರಲ್ಲಿ ಗೋಡೆ ಹತ್ತಿದ ಹಾಗೆ ಏರುತ್ತದೆ. ಗೆರೆ ಎಷ್ಟು ಕಡಿದೋ, ಕಲಿಯುವವನಿಗೆ ಆ ಮೈದಾನ ಅಷ್ಟು ಕಠಿಣ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಟಾರು ರಸ್ತೆಯಲ್ಲಿ ಒಂದು ಮೈಲಿ ನಡೆಯಲು ಹುಡುಗನಿಗೆ ಕಾಲು ಗಂಟೆ ಬೇಕು, ಅಜ್ಜನಿಗೆ ಅರ್ಧ ಗಂಟೆ. ಅದೇ ಒಂದು ಮೈಲಿ ಮಳೆ ಬಿದ್ದ ಕಪ್ಪು ಮಣ್ಣಿನ ಏರುದಾರಿ ಅಂತಿಟ್ಟುಕೊಳ್ಳಿ. ಹುಡುಗನಿಗೆ ಐದು ನಿಮಿಷ ಹೆಚ್ಚಾಗಬಹುದು. ಅಜ್ಜನಿಗೂ ಐದೇ ನಿಮಿಷ ಹೆಚ್ಚು ಕೊಟ್ಟು, 'ಇಬ್ಬರಿಗೂ ಸಮ ಕೊಟ್ಟಿದ್ದೇವೆ' ಅಂದರೆ ಊರಲ್ಲಿ ಯಾರೂ ಒಪ್ಪುವುದಿಲ್ಲ. ಸ್ಲೋಪ್ ಲೆಕ್ಕವೂ ಒಪ್ಪುವುದಿಲ್ಲ.

ಎರಡು ಮೈದಾನ, ಇಬ್ಬರು ಆಟಗಾರರು

ಈಗ ಅಂಕಿಗೆ ಬರೋಣ. ಪೆನ್ನು ಕಾಗದ ಇದ್ದರೆ ತೆಗೆದುಕೊಳ್ಳಿ.

ಸಾಮಾನ್ಯ ಆಟಗಾರನಿಗೆ ಬೋಗಿ ಆಟಗಾರ ಎನ್ನುತ್ತಾರೆ. ಗಂಡಸರಲ್ಲಿ ಅವನ ಹ್ಯಾಂಡಿಕ್ಯಾಪ್ ಸುಮಾರು 20. ಮೊದಲ ಹೊಡೆತ ಸುಮಾರು 200 ಗಜ ಹೋಗುತ್ತದೆ. ಸ್ಕ್ರ್ಯಾಚ್ ಆಟಗಾರನದು 250 ಗಜ. ಮೈದಾನ ಅಳೆಯುವವರು ಇಬ್ಬರಿಗೂ ಬೇರೆ ಬೇರೆ ರೇಟಿಂಗ್ ಹಾಕುತ್ತಾರೆ. ಬೋಗಿ ರೇಟಿಂಗಿನಲ್ಲಿ ಕೋರ್ಸ್ ರೇಟಿಂಗ್ ಕಳೆದು, ಉಳಿದದ್ದನ್ನು 5.381ರಿಂದ ಗುಣಿಸಿದರೆ ಗಂಡಸರ ಸ್ಲೋಪ್. ಹೆಂಗಸರಿಗೆ 4.240ರಿಂದ ಗುಣಿಸಬೇಕು. ಸ್ಲೋಪ್ 55ರಿಂದ 155ರ ನಡುವೆ ಇರುತ್ತದೆ. 113 ಅಂದರೆ ಮಧ್ಯಮ ಕಷ್ಟ ಎಂದು ಒಪ್ಪಿಕೊಂಡಿದ್ದಾರೆ.

ನಾವೇ ಎರಡು ಮೈದಾನ ಕಲ್ಪಿಸಿಕೊಳ್ಳೋಣ. ಎರಡರ ಪಾರ್ ಕೂಡ 72.

ಬಯಲು ಮೈದಾನ: ಸ್ಕ್ರ್ಯಾಚ್ ಆಟಗಾರನಿಗೆ 72, ಬೋಗಿ ಆಟಗಾರನಿಗೆ 93. ವ್ಯತ್ಯಾಸ 21. ಸ್ಲೋಪ್ 113.

ಕಾಡು ಮೈದಾನ: ಸ್ಕ್ರ್ಯಾಚ್ ಆಟಗಾರನಿಗೆ 74, ಬೋಗಿ ಆಟಗಾರನಿಗೆ 100. ವ್ಯತ್ಯಾಸ 26. ಸ್ಲೋಪ್ 140.

ನೋಡಿ, ಬಯಲಿನಿಂದ ಕಾಡಿಗೆ ಹೋದಾಗ ಬಲ್ಲವನಿಗೆ ಹೆಚ್ಚಾದದ್ದು 2 ಹೊಡೆತ. ಸಾಮಾನ್ಯನಿಗೆ 7. ಮೈದಾನ ಇಬ್ಬರಿಗೂ ಅದೇ, ಮರವೂ ಅದೇ, ಕೆರೆಯೂ ಅದೇ.

ಆಟಗಾರನ ಹತ್ತಿರ ಇರುವುದು ಹ್ಯಾಂಡಿಕ್ಯಾಪ್ ಇಂಡೆಕ್ಸ್. ಅದು ಎಲ್ಲಿಗೆ ಹೋದರೂ ಜೊತೆಯಲ್ಲಿ ಬರುವ ಅಂಕಿ. ಮೈದಾನಕ್ಕೆ ಹೋದ ಮೇಲೆ ಅದನ್ನು ಅಲ್ಲಿಯ ಸ್ಲೋಪಿನಿಂದ ಗುಣಿಸಿ, 113ರಿಂದ ಭಾಗಿಸಿ, ಕೋರ್ಸ್ ರೇಟಿಂಗಿಗೂ ಪಾರಿಗೂ ಇರುವ ವ್ಯತ್ಯಾಸ ಸೇರಿಸಬೇಕು. ಆಗ ಆ ಮೈದಾನದ ಹ್ಯಾಂಡಿಕ್ಯಾಪ್ ಸಿಗುತ್ತದೆ.

ಇಂಡೆಕ್ಸ್ 20 ಇರುವವನಿಗೆ ಬಯಲಿನಲ್ಲಿ 20 ಹೊಡೆತ ರಿಯಾಯಿತಿ, ಕಾಡಿನಲ್ಲಿ 27. ಇಂಡೆಕ್ಸ್ 2 ಇರುವವನಿಗೆ ಬಯಲಿನಲ್ಲಿ 2, ಕಾಡಿನಲ್ಲಿ 4. ಇವರಿಬ್ಬರ ನಡುವೆ ಬಯಲಿನಲ್ಲಿ 18 ಹೊಡೆತದ ಅಂತರ, ಕಾಡಿನಲ್ಲಿ 23. ಹಳೆಯ ಪದ್ಧತಿಯಂತೆ ಎಲ್ಲಿ ಹೋದರೂ 18 ಅಂತಲೇ ಇಟ್ಟಿದ್ದರೆ ಕಾಡಿನಲ್ಲಿ ಸಾಮಾನ್ಯ ಆಟಗಾರ ಪ್ರತಿ ಸಲ 5 ಹೊಡೆತದ ನಷ್ಟದಲ್ಲೇ ಆಟ ಶುರು ಮಾಡಬೇಕಿತ್ತು.

ಸ್ಲೋಪ್ 113ಕ್ಕಿಂತ ಕಡಿಮೆ ಇದ್ದರೆ ಇದೇ ಲೆಕ್ಕ ತಿರುಗುತ್ತದೆ. 95 ಸ್ಲೋಪಿನ ಸುಲಭ ಮೈದಾನದಲ್ಲಿ, ಕೋರ್ಸ್ ರೇಟಿಂಗ್ ಪಾರಿನಷ್ಟೇ ಇದ್ದರೆ, ಇಂಡೆಕ್ಸ್ 20ರವನಿಗೆ ಸಿಗುವುದು 17 ಮಾತ್ರ. ಇಂಡೆಕ್ಸ್ 2ರವನಿಗೆ ಆಗಲೂ 2. ಸ್ಲೋಪ್ ಏರಿದರೂ ಇಳಿದರೂ ಬಲ್ಲವನಿಗೆ ಹೆಚ್ಚು ತಾಗುವುದಿಲ್ಲ. ಹ್ಯಾಂಡಿಕ್ಯಾಪ್ ದೊಡ್ಡದಾದಷ್ಟೂ ಸ್ಲೋಪಿನ ಪೆಟ್ಟೂ ದೊಡ್ಡದು, ಪರಿಹಾರವೂ ದೊಡ್ಡದು.

ಸ್ಕೋರು ಬರೆಯುವಾಗ ಇದನ್ನೇ ಹಿಂದುಮುಂದಾಗಿ ಮಾಡುತ್ತಾರೆ. ಹೊಡೆದ ಹೊಡೆತದಲ್ಲಿ ಕೋರ್ಸ್ ರೇಟಿಂಗ್ ಕಳೆದು, 113ರಿಂದ ಗುಣಿಸಿ, ಸ್ಲೋಪಿನಿಂದ ಭಾಗಿಸುತ್ತಾರೆ. ಬಯಲಿನಲ್ಲಿ 93 ಹೊಡೆದರೆ 21.0. ಕಾಡಿನಲ್ಲಿ 100 ಹೊಡೆದರೂ 21.0. ಬರೀ ಸ್ಕೋರು ನೋಡಿದವರು 'ಇವತ್ತು ನೂರಾಯ್ತಲ್ಲ' ಎಂದು ನಗಬಹುದು. ಲೆಕ್ಕ ನಗುವುದಿಲ್ಲ, ಎರಡನ್ನೂ ಒಂದೇ ತೂಕದಲ್ಲಿ ಇಡುತ್ತದೆ.

ಹೀಗೆ ಬಂದ ಕೊನೆಯ 20 ಆಟಗಳ ಅಂಕಿಯಲ್ಲಿ ಅತ್ಯುತ್ತಮ 8ರ ಸರಾಸರಿಯೇ ಇಂಡೆಕ್ಸ್. ಅದು 54ರ ಮೇಲೆ ಹೋಗುವುದಿಲ್ಲ. ಒಳ್ಳೆಯ ಆಟಗಳನ್ನು ಮಾತ್ರ ಆರಿಸುವುದರಿಂದ ಇಂಡೆಕ್ಸ್ ಹೇಳುವುದು ನೀವು ದಿನಾ ಹೇಗೆ ಆಡುತ್ತೀರಿ ಎಂದಲ್ಲ, ಚೆನ್ನಾಗಿ ಆಡಿದ ದಿನ ಎಷ್ಟು ಆಡಬಲ್ಲಿರಿ ಎಂದು.

ಜಗತ್ತಿನಲ್ಲಿ ಮೊದಲು ಇಂಥ ಆರು ಪದ್ಧತಿಗಳಿದ್ದವು. 2020ರಲ್ಲಿ ಅವನ್ನೆಲ್ಲ ಸೇರಿಸಿ ಒಂದೇ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಮಾಡಿದರು. ಗಾಲ್ಫಿನ ತವರಾದ ಬ್ರಿಟನ್ನಿಗೆ ಸ್ಲೋಪ್ ಬಂದದ್ದೇ ಆ ವರ್ಷ.

ಕಷ್ಟವನ್ನು ಅಳೆಯುವವರು

ತರಬೇತಿ ಪಡೆದ ತಂಡ ಮೈದಾನಕ್ಕೆ ಬಂದು, ನಮ್ಮ ಸರ್ವೆಯವರ ಹಾಗೆ ಹೋಲಿನಿಂದ ಹೋಲಿಗೆ ನಡೆಯುತ್ತದೆ. ಮೊದಲು ಉದ್ದ ಅಳೆಯುತ್ತಾರೆ. ಬರೀ ಟೇಪಿನ ಉದ್ದವಲ್ಲ. ಚೆಂಡು ಬಿದ್ದ ಮೇಲೆ ಎಷ್ಟು ಉರುಳುತ್ತದೆ, ಏರು ಎಷ್ಟು, ತಗ್ಗು ಎಷ್ಟು, ಗಾಳಿ ಹೇಗೆ, ಎಲ್ಲಾ ಸೇರುತ್ತದೆ. ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದೂ ಸೇರುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಅದಕ್ಕೂ ಮೇಲೆ. ಅಲ್ಲಿ ಗಾಳಿ ತುಸು ತೆಳು, ಚೆಂಡು ಕರಾವಳಿಗಿಂತ ಸ್ವಲ್ಪ ಮುಂದೆ ಹೋಗುತ್ತದೆ.

ಆಮೇಲೆ ಅಡ್ಡಿಗಳು. ನೆಲದ ಏರಿಳಿತ, ಹೊಡೆಯುವ ದಾರಿಯ ಅಗಲ, ಉದ್ದ ಹುಲ್ಲು, ಮರಳು ಗುಂಡಿ, ನೀರು, ಮರ, ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಓಟ. ಇವೆಲ್ಲ ಸೇರಿ ಆಟಗಾರನ ಮನಸ್ಸಿಗೆ ಕೊಡುವ ಹೆದರಿಕೆಗೂ ಒಂದು ಅಂಕಿ ಇದೆ. ಪ್ರತಿಯೊಂದಕ್ಕೂ ಸ್ಕ್ರ್ಯಾಚ್ ಆಟಗಾರನ ಕಣ್ಣಿನಿಂದ ಒಂದು ಅಂಕಿ, ಬೋಗಿ ಆಟಗಾರನ ಕಣ್ಣಿನಿಂದ ಇನ್ನೊಂದು.

ಈ ಎರಡು ಕಣ್ಣು ಏಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಟೀಯಿಂದ 190 ಗಜ ದೂರದವರೆಗೆ ಕೆರೆ ಇದೆ ಅಂತಿಟ್ಟುಕೊಳ್ಳಿ. 250 ಗಜ ಹೊಡೆಯುವವನಿಗೆ ಅದು ಕೆರೆಯೇ ಅಲ್ಲ, ನೋಡಲು ಚಂದದ ಜಾಗ. ಉರುಳಿದ್ದೂ ಸೇರಿ 200 ಗಜ ಹೊಡೆಯುವವನ ಚೆಂಡು ನೀರಿಗೇ ಬೀಳುತ್ತದೆ. ಅದೇ 240 ಗಜದ ಹತ್ತಿರ ಮರಳು ಗುಂಡಿ ತೋಡಿದರೆ ಅದು ಬಲ್ಲವನಿಗೆ ಮಾತ್ರ ಅಡ್ಡಿ. ಸಾಮಾನ್ಯನ ಚೆಂಡು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಉದ್ದವಿದ್ದು ಬಯಲಾಗಿರುವ ಮೈದಾನದಲ್ಲಿ ಕೋರ್ಸ್ ರೇಟಿಂಗ್ ಹೆಚ್ಚಿದ್ದು ಸ್ಲೋಪ್ ಕಡಿಮೆ ಇರಬಹುದು. ಚಿಕ್ಕದಾಗಿ, ಇಕ್ಕಟ್ಟಾಗಿ, ನೀರು ಮರ ತುಂಬಿರುವ ಕಡೆ ಅದರ ತದ್ವಿರುದ್ಧ. ಹಾಗಾಗಿ ಸ್ಲೋಪ್ ಒಂದನ್ನೇ ನೋಡಿ 'ಇದು ಕಷ್ಟದ ಮೈದಾನ' ಅನ್ನುವ ಹಾಗಿಲ್ಲ. ಯಾರಿಗೆ ಕಷ್ಟ ಎಂದೂ ಕೇಳಬೇಕು.

ಮರ ಬೆಳೆಯುತ್ತವೆ, ಬೀಳುತ್ತವೆ, ಟೀ ಜಾಗ ಬದಲಾಗುತ್ತದೆ. ಅದಕ್ಕೇ ಹತ್ತು ವರ್ಷಕ್ಕೊಮ್ಮೆಯಾದರೂ ಮತ್ತೆ ಅಳೆಯಬೇಕು ಎಂಬ ನಿಯಮವಿದೆ.

ಟೀ ಬಣ್ಣದ ಪ್ರತಿಷ್ಠೆ

ಒಂದೇ ಹೋಲಿಗೆ ಮೂರು ನಾಲ್ಕು ಟೀ ಇರುತ್ತವೆ, ಬಣ್ಣದ ಗುರುತಿನಿಂದ. ಹಿಂದಿನ ಟೀಯಿಂದ ದೂರ ಹೆಚ್ಚು. ಪ್ರತಿ ಟೀಗೂ ರೇಟಿಂಗ್, ಸ್ಲೋಪ್ ಬೇರೆ. ಒಂದೇ ಟೀಗೆ ಗಂಡಸರದು ಬೇರೆ, ಹೆಂಗಸರದು ಬೇರೆ. ಅಪ್ಪ ಮಗಳು, ಅಜ್ಜ ಮೊಮ್ಮಗ ಒಟ್ಟಿಗೆ ಆಡಿ ನಿಜವಾಗಿ ಪೈಪೋಟಿ ಮಾಡಬಹುದಾದ ಆಟ ಇದಾಗಿರುವುದು ಈ ಪಟ್ಟಿಯಿಂದಲೇ.

ಕೆಲಸಕ್ಕೆ ಹೋಗುವ ಹುಡುಗರು ನಮಗೆ ಹೇಳಿದ್ದು ಬೇರೆ. ಇಂಡೆಕ್ಸ್ 22, 25 ಇರುವವರೂ ಹಿಂದಿನ ಟೀಯಲ್ಲೇ ನಿಲ್ಲುತ್ತಾರಂತೆ. ಮುಂದಿನಿಂದ ಆಡಿದರೆ ಜೊತೆಯವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. "ಸಾರ್, ಇವತ್ತು ಗಾಳಿ ಎದುರಿಗೈತೆ, ಮುಂದಿನ ಟೀ ಆಡಿ ಸಾರ್" ಎಂದು ಹೇಳುವಾಗ ಧ್ವನಿ ತಗ್ಗಿಸಬೇಕು, ಬೇರೆಯವರಿಗೆ ಕೇಳಿಸಬಾರದು ಅನ್ನುತ್ತಾನೆ ಒಬ್ಬ. ಗಾಳಿ ಬರೀ ನೆಪ. ಸ್ಲೋಪ್ ಹೇಳಬೇಕಾದ ಮಾತನ್ನು ಕ್ಯಾಡಿ ಗಾಳಿಯ ಮೇಲೆ ಹಾಕಿ ಹೇಳುತ್ತಾನೆ.

ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಎಂಬ ಸರ್ಕಾರಿ ಮೈದಾನದವರಿಗೆ ಅಂಥ ಸಂಕೋಚವಿಲ್ಲ. ಇದು ಅತ್ಯಂತ ಕಠಿಣ, ಬಹಳ ನುರಿತವರು ಮಾತ್ರ ಆಡಿ ಎಂದು ಮೊದಲ ಟೀ ಹತ್ತಿರವೇ ಬೋರ್ಡು ನೆಟ್ಟಿದ್ದಾರೆ. ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಆಡಲು ಹೋಗುತ್ತಾರೆ.

ಮೋಸಕ್ಕೂ ಬೇಲಿ

ರಿಯಾಯಿತಿ ಇರುವಲ್ಲಿ ಅದನ್ನು ದುರುಪಯೋಗ ಮಾಡುವವರೂ ಇರುತ್ತಾರೆ. ಬೇಕೆಂದೇ ಕೆಟ್ಟದಾಗಿ ಆಡಿ, ಕಾರ್ಡು ತುಂಬಿ, ಹ್ಯಾಂಡಿಕ್ಯಾಪ್ ಏರಿಸಿಕೊಂಡು ಬಹುಮಾನದ ದಿನ ನಿಜವಾದ ಆಟ ತೋರಿಸುವವರಿಗೆ ಗಾಲ್ಫಿನಲ್ಲಿ ಸ್ಯಾಂಡ್‌ಬ್ಯಾಗರ್ ಎಂದು ಹೆಸರು. ಇದಕ್ಕೆ ಬೇಲಿ ಹಾಕಿದ್ದಾರೆ. ಒಂದು ವರ್ಷದೊಳಗಿನ ಅತಿ ಕಡಿಮೆ ಇಂಡೆಕ್ಸಿಗಿಂತ 3 ಹೆಚ್ಚಾದ ಮೇಲೆ ಏರಿಕೆ ಅರ್ಧಕ್ಕೆ ಇಳಿಯುತ್ತದೆ, 5ಕ್ಕೆ ನಿಂತೇ ಹೋಗುತ್ತದೆ. ಯಾರಾದರೂ ಒಂದು ದಿನ ಇಂಡೆಕ್ಸಿಗಿಂತ 7 ಅಂಕ ಚೆನ್ನಾಗಿ ಆಡಿದರೆ ಇಂಡೆಕ್ಸನ್ನು ತಕ್ಷಣ ತಗ್ಗಿಸುತ್ತಾರೆ. ಒಂದೇ ಹೋಲಿನಲ್ಲಿ ಹನ್ನೆರಡು ಹದಿಮೂರು ಹೊಡೆದರೂ ಕಾರ್ಡಿಗೆ ಒಂದು ಮಿತಿಯವರೆಗೆ ಮಾತ್ರ ಸೇರುತ್ತದೆ.

ಆದರೂ ಎಲ್ಲಕ್ಕಿಂತ ಗಟ್ಟಿ ಬೇಲಿ ಕ್ಯಾಡಿ ಎಂದು ನಮಗನ್ನಿಸುತ್ತದೆ. ಹುಲ್ಲಿನಲ್ಲಿ ಕಾಲಿನಿಂದ ಸರಿಸಿದ ಚೆಂಡು, ಲೆಕ್ಕಕ್ಕೆ ಬಾರದ ಹೊಡೆತ, ಎಲ್ಲವನ್ನೂ ಅವನು ನೋಡಿರುತ್ತಾನೆ. ಕಾರ್ಡಿಗೆ ಸಹಿ ಹಾಕುವವರು ಮಾತ್ರ ಬೇರೆಯವರು.

ಕಾರ್ಡಿಲ್ಲದ ಆಟಗಾರ

ಈ ಲೇಖನ ಬರೆಯಬೇಕೆನಿಸಿದ್ದು ಅಂಥ ಒಬ್ಬ ಹುಡುಗನಿಂದ. ವಯಸ್ಸು ಇಪ್ಪತ್ತೊಂದು. ಸದಸ್ಯರಿಗೆ ರಜೆ ಇರುವ ದಿನ ಕ್ಯಾಡಿಗಳಿಗೆ ಆಡಲು ಬಿಡುತ್ತಾರೆ. ಯಾರೋ ಕೊಟ್ಟ ಹಳೆಯ ಐದಾರು ಕೋಲಿನಲ್ಲಿ ಅವನು ಆಡುತ್ತಾನೆ, ಚೆನ್ನಾಗಿ ಆಡುತ್ತಾನೆ. "ಅಣ್ಣಾ, ನನ್ ಹ್ಯಾಂಡಿಕ್ಯಾಪ್ ಎಷ್ಟು ಅಂತ ಹೇಳ್ತೀರಾ?" ಎಂದು ನಮ್ಮನ್ನು ಕೇಳಿದ. ನೋಟ್‌ಬುಕ್ಕಿನಲ್ಲಿ ಮೂರು ಆಟದ ಸ್ಕೋರು ಬರೆದಿಟ್ಟಿದ್ದ: 84, 81, 79.

ಅವನು ಆಡುವ ಟೀಯ ಕೋರ್ಸ್ ರೇಟಿಂಗ್ 71.4, ಸ್ಲೋಪ್ 128. ಲೆಕ್ಕ ಹಾಕಿದೆವು. 84ಕ್ಕೆ 11.1, 81ಕ್ಕೆ 8.5, 79ಕ್ಕೆ 6.7. ಮೂರೇ ಆಟ, ಅಂದರೆ 54 ಹೋಲ್ ಇದ್ದರೆ ಅತ್ಯುತ್ತಮವಾದದ್ದರಲ್ಲಿ 2 ಕಳೆಯಬೇಕು ಎಂದು ನಿಯಮ. ಬಂದದ್ದು 4.7. ಅವನು ಬ್ಯಾಗು ಹೊರುವ ಬಹಳಷ್ಟು ಜನರಿಗಿಂತ ಎಷ್ಟೋ ಕಡಿಮೆ.

ಆದರೆ ಆ 4.7 ನಮ್ಮ ಹಾಳೆಯ ಮೇಲೆ ಮಾತ್ರ ಇದೆ. ಇಂಡೆಕ್ಸ್ ಸಿಗುವುದು ಕ್ಲಬ್ಬಿನ ಮೂಲಕ. ಕಾರ್ಡಿಗೆ ಜೊತೆ ಆಡಿದವರ ಸಹಿ ಬೇಕು, ಅದು ವ್ಯವಸ್ಥೆಯಲ್ಲಿ ದಾಖಲಾಗಬೇಕು. ಸದಸ್ಯತ್ವದ ಶುಲ್ಕ ಅವನ ಮನೆಯವರು ಕನಸಿನಲ್ಲೂ ನೋಡದ ಮೊತ್ತ. ಹೀಗಾಗಿ ಇಂಡೆಕ್ಸ್ ಕೇಳುವ ಹವ್ಯಾಸಿ ಪಂದ್ಯಗಳ ಅರ್ಜಿಯಲ್ಲಿ ಅವನು ಆ ಜಾಗವನ್ನು ತುಂಬಲಾರ.

ದಾರಿಯೇ ಇಲ್ಲ ಎಂದಲ್ಲ. 1991ರಲ್ಲಿ ಇಂಡಿಯನ್ ಓಪನ್ ಗೆದ್ದು 1993ರಲ್ಲಿ ಮತ್ತೆ ಗೆದ್ದ ಅಲಿ ಶೇರ್, ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದವರು. ನಮ್ಮಲ್ಲಿಯೇ ಬಿಡದಿ ಬಳಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಹೆಸರು ಮಾಡಿದ್ದಾರೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದಾಗ ಊರಿನ ಹೋಟೆಲುಗಳಲ್ಲೂ ಗಾಲ್ಫ್ ಮಾತು ಬಂದಿತ್ತು. ಆದರೆ ಅಂಥವರು ಬೆರಳೆಣಿಕೆ. ಹುಡುಗ ಕೇಳುತ್ತಿರುವುದು ಒಲಿಂಪಿಕ್ಸ್ ಅಲ್ಲ. ತನ್ನ ಆಟಕ್ಕೆ ಒಂದು ಒಪ್ಪಿತ ಅಂಕಿ ಬೇಕು, ಅಷ್ಟೇ.

ಸ್ಲೋಪ್ ಲೆಕ್ಕ ಮಾಡಿದವರ ಬಗ್ಗೆ ನಮಗೆ ಗೌರವವಿದೆ. ಒಂದೇ ಕಷ್ಟ ಎಲ್ಲರಿಗೂ ಒಂದೇ ಅಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ, ಅದನ್ನು ದಶಾಂಶದವರೆಗೆ ಅಳೆದು ಅಷ್ಟಕ್ಕಷ್ಟು ಪರಿಹಾರ ಕೊಡುವುದು ಕಷ್ಟ. ಮರ, ಮರಳು, ನೀರು, ಹೆದರಿಕೆ ಎಲ್ಲಕ್ಕೂ ಅವರು ಅಂಕಿ ಇಟ್ಟರು. ಆ ಲೆಕ್ಕ ಶುರುವಾಗುವುದು ಮೊದಲ ಟೀಯಿಂದ. ಗೇಟಿನಿಂದ ಮೊದಲ ಟೀಯವರೆಗಿನ ದೂರವನ್ನು ಅಳೆಯುವುದು ರೇಟಿಂಗ್ ತಂಡದ ಕೆಲಸವಲ್ಲ. ಅದು ಕ್ಲಬ್ ನಡೆಸುವವರ ಕೆಲಸ.

ಗಾಲ್ಫ್ ಮೈದಾನದಲ್ಲಿ ಕೆಲಸ ಮಾಡುವ ನಮ್ಮ ಓದುಗರಿಗೆ ಒಂದು ಮಾತು. ನಿಮ್ಮ ಆಟದ ದಿನ ದಿನಾಂಕ, ಟೀ ಬಣ್ಣ, ಪ್ರತಿ ಹೋಲಿನ ಹೊಡೆತ ಬರೆದಿಡಿ. ಕೋರ್ಸ್ ರೇಟಿಂಗ್, ಸ್ಲೋಪ್ ಎರಡೂ ಸ್ಕೋರ್ ಕಾರ್ಡಿನ ಮೇಲೋ ಕಚೇರಿಯ ಬೋರ್ಡಿನ ಮೇಲೋ ಇರುತ್ತವೆ. ಜೊತೆಯಲ್ಲಿ ಆಡಿದವರಿಂದ ಸಹಿ ಹಾಕಿಸಿಕೊಳ್ಳಿ. ಅದನ್ನು ಹಿಡಿದು ಕ್ಲಬ್ ಕಾರ್ಯದರ್ಶಿಯವರನ್ನು ಕೇಳಿ: ಸಿಬ್ಬಂದಿಗೂ ಕ್ಯಾಡಿಗಳಿಗೂ ಇಂಡೆಕ್ಸ್ ಮಾಡಿಸಿಕೊಡಲು ಆಗುತ್ತದೆಯೇ ಎಂದು. ಆಗಲ್ಲ ಎಂದರೆ ಯಾಕೆ ಎಂದು ಕೇಳಿ, ಏನಂದರು ಎಂದು ನಮಗೆ ಬರೆದು ಕಳಿಸಿ. ನಮ್ಮ ಹುಡುಗನೂ ಇದೇ ಪ್ರಶ್ನೆಯ ಅರ್ಜಿ ಬರೆದು ಕೊಟ್ಟಿದ್ದಾನೆ. ಉತ್ತರ ಬಂದ ದಿನ ಇಲ್ಲಿಯೇ ಹಾಕುತ್ತೇವೆ.